ಬೆರಳಿನ ಮೇಲೆ ಬೆರಳು

ಬೆಳಕನ್ನು ಇನ್ನೂ ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ ಎಂದು ಭಾವನಿಗೆ ಹೇಳಿದೆ. ಅವರು ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿದರು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಪ್ಲಾಸ್ಟರ್ ಕೈಯ ಒಂದೊಂದು ಗೆರೆಯೂ ಎದ್ದು ನಿಂತಿತು.

ವಯಸ್ಸಾದ ಹೆಂಗಸಿನ ಬಲಗೈ. ತೋರುಬೆರಳಿನ ಮೇಲೆ ನಡುಬೆರಳು ಹತ್ತಿ ಕುಳಿತಿತ್ತು. ಎರಡರ ತುದಿಗಳ ನಡುವೆ, ಪ್ಲಾಸ್ಟರಿನಲ್ಲಿ ಅರ್ಧ ಹೂತು, ಒಂದು ಮುತ್ತು.

ಇರಬೇಕಾದದ್ದು ಎರಡು.

“ಮಧ್ಯಾಹ್ನದೊಳಗೆ ಏನಾದ್ರೂ ಸಿಕ್ಕಿದ್ರೆ ಸರಿ,” ಎಂದರು ಭಾವ, ದನಿ ತಗ್ಗಿಸಿ. “ಇಲ್ಲಾಂದ್ರೆ ಆಯಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗಲೇಬೇಕು. ದೂರು ಕೊಟ್ಟಾಗಿದೆ. ನಾನು ನಿಮ್ಮಕ್ಕನ ಗಂಡ ಅನ್ನೋದು ಕಾನೂನಿಗೆ ಗೊತ್ತಿಲ್ಲ.”

ಭಾವ ಇನ್ಸ್‌ಪೆಕ್ಟರ್. ತಲೆ ಕೆಡಿಸುವಂಥ ಕೇಸು ಬಂದಾಗಲೆಲ್ಲ ನನ್ನನ್ನು ಎಬ್ಬಿಸಿಕೊಂಡು ಬರುತ್ತಾರೆ. ನಾನು ಮನಶ್ಶಾಸ್ತ್ರ ಓದಿದ್ದೇನೆ ಎಂಬುದು ನೆಪ. ಗಂಡ ಹೋದ ಮೇಲೆ ಇವಳು ಮನೆಯೊಳಗೇ ಕಲ್ಲಾಗಬಾರದು ಎಂಬುದು ಕಾರಣ. ಇಬ್ಬರಿಗೂ ಗೊತ್ತು. ಇಬ್ಬರೂ ಆಡುವುದಿಲ್ಲ. ಆಡದೆ ಇರುವುದಕ್ಕಾಗಿ ಅವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ.

ಆಯಮ್ಮ ಎಂದರೆ ಈ ಕೆಲಸದ ಮನೆಯ ಒಡತಿ. ಊರಿಗೆಲ್ಲ ಅಚ್ಚಿನಕ್ಕ. ಮಕ್ಕಳ ಪುಟ್ಟ ಪಾದ, ಹೊಸ ಗಂಡ ಹೆಂಡತಿ ಹಿಡಿದುಕೊಂಡ ಕೈ, ಇವುಗಳ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರೆದುಕೊಡುವುದು ಅವರ ಕಸುಬು. ಆಸ್ಪತ್ರೆಯವರು ಹೇಳಿಕಳಿಸಿದರೆ, ಇನ್ನೇನು ಹೊರಟೆವು ಎನ್ನುವವರ ಕೈಯನ್ನೂ, ಹೊರಟುಹೋದವರ ಕೈಯನ್ನೂ ತೆಗೆದುಕೊಡುತ್ತಾರೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿ ಕೈಗಳು. ಮೊದಲ ಸಲ ಬಂದವರು ಬಾಗಿಲಲ್ಲೇ ಒಂದು ಗಳಿಗೆ ನಿಲ್ಲುತ್ತಾರೆ.

ನಾನು ನಿಲ್ಲುವುದಿಲ್ಲ. ಅಂಥದ್ದೊಂದು ಕೈ ನನ್ನ ಮನೆಯಲ್ಲಿದೆ.

ನನ್ನವರು ಕಾಲೇಜಿನ ಪ್ರಯೋಗಾಲಯದ ಮೆಟ್ಟಿಲಿನಿಂದ ಬಿದ್ದು ತೀರಿಹೋದರು. ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಕುಳಿತಿದ್ದಷ್ಟು ನೆನಪಿದೆ. ಅಚ್ಚಿನಕ್ಕನನ್ನು ನಾನು ಕರೆದಿರಲಿಲ್ಲ. ಕರೆಯಬೇಕೆಂದು ಹೊಳೆಯುವ ಸ್ಥಿತಿಯಲ್ಲಿರಲಿಲ್ಲ. ತಿಂಗಳಾದ ಮೇಲೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಮಗುವಿನಂತೆ ಎತ್ತಿಕೊಂಡು ನನ್ನ ಬಾಗಿಲಿಗೆ ಬಂದರು. ಹಾಸಿಗೆಯ ಮೇಲೆ ಕೈ ಹೇಗಿತ್ತೋ ಹಾಗೇ ತೆಗೆದೆ ಎಂದರು. ಬೆರಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ನಡುವೆ ಒಂದು ಸಣ್ಣ ಗುಳಿ. ಅದು ಗಾಳಿಗುಳ್ಳೆ, ನನ್ನ ಕೈತಪ್ಪು, ಬೇಜಾರು ಮಾಡ್ಕೋಬೇಡಿ ಎಂದೂ ಹೇಳಿದರು.

ಆ ಕೈಯ ಹೆಬ್ಬೆರಳಿಗೆ ಮನೆಯ ಕೀಲಿಕೈ ತಗುಲಿಹಾಕುತ್ತೇನೆ. ಹೊರಡುವಾಗ ಅವರ ಕೈಯಿಂದ ತೆಗೆದುಕೊಳ್ಳುತ್ತೇನೆ, ಬಂದ ಮೇಲೆ ಅವರ ಕೈಗೇ ಕೊಡುತ್ತೇನೆ. ಈ ಒಂದು ವರ್ಷ ನಾನು ಮನೆಯಿಂದ ಹೊರಟಿದ್ದರೆ, ಹೋದಲ್ಲಿಂದ ತಿರುಗಿ ಬಂದಿದ್ದರೆ, ಅದು ಆ ಕೈಯ ಉಪಕಾರ. ಅಚ್ಚಿನಕ್ಕನ ಋಣ ನನ್ನ ಮೇಲೆ ಎಷ್ಟಿದೆ ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಅವರು ಈಗ ಮೂಲೆಯ ಮುಕ್ಕಾಲಿಯ ಮೇಲೆ ಕುಳಿತು, ಉಗುರಿನ ಸಂದಿಯ ಒಣ ಪ್ಲಾಸ್ಟರನ್ನು ಕೆರೆಯುತ್ತಿದ್ದರು. ಕಳ್ಳಿ ಎಂಬ ಮಾತು ಒಮ್ಮೆ ಅಂಟಿದರೆ ಆಸ್ಪತ್ರೆಯ ಬಾಗಿಲು ಮುಚ್ಚಿದ ಹಾಗೆ. ಹಾಸಿಗೆ ಹಿಡಿದವರ ಉಂಗುರದ ಬೆರಳನ್ನು ಯಾರು ಇವರ ಕೈಗೆ ಕೊಡುತ್ತಾರೆ?

“ಅಕ್ಕ, ಇನ್ನೊಂದು ಸಲ ಹೇಳಿ,” ಎಂದೆ.

ಅವರು ಹೇಳಿದರು. ಬೆಳಗಿನಿಂದ ಎಷ್ಟನೆಯ ಸಲವೋ, ಆದರೂ ಮಾತು ಬದಲಾಗಲಿಲ್ಲ.

ಮೇಜಿನ ಮೇಲಿನ ಕೈಯ ಅಜ್ಜಿಯನ್ನು ಕರೆತಂದವರು ಅವರ ಅಳಿಯ. ಅಜ್ಜಿಗೆ ಕಣ್ಣು ಕಾಣುವುದು ನಿಂತು ಕೆಲವು ವರ್ಷವಾಗಿದೆ. ತನ್ನ ಎರಡು ಮುತ್ತುಗಳನ್ನು ಬೆರಳಲ್ಲಿ ಹಿಡಿದಂತೆಯೇ ಅಚ್ಚಾಗಬೇಕು, ಮೊಮ್ಮಕ್ಕಳು ಮುಂದೆ ಅದನ್ನು ಮುಟ್ಟಿ ನೋಡಬೇಕು ಎಂಬುದು ಅವರ ಆಸೆ. ಬೆಲೆಬಾಳುವ ವಸ್ತುವನ್ನು ಅಚ್ಚಿಗೆ ಇಳಿಸುವ ಮುಂಚೆ, ಅದೇ ಗಾತ್ರದ ಗಾಜಿನ ಮಣಿ ಹಿಡಿಸಿ ಒಂದು ಸಲ ಮಾಡಿ ನೋಡುವುದು ಅಚ್ಚಿನಕ್ಕನ ರೂಢಿ. ಅದು ಎಂದೂ ತಪ್ಪಿದ್ದಲ್ಲ. ಅವತ್ತು ತಪ್ಪಿತು. ಅತ್ತೆಗೆ ಸುಸ್ತಾಗುತ್ತೆ, ಎರಡೆರಡು ಸಲ ಬೇಡ ಎಂದು ಅಳಿಯ ಒತ್ತಾಯ ಮಾಡಿದರಂತೆ.

ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವ ಗುಲಾಬಿ ಪುಡಿಯೇ ಇವರದ್ದೂ. ನೀರು ಬಿದ್ದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ಬೇಗ ಬೇಗ ಕಲೆಸಬೇಕು, ಕೈ ಮುಳುಗಿಸಬೇಕು, ಅಲ್ಲಾಡದೆ ಇರಬೇಕು. ಅಚ್ಚಿನಕ್ಕನ ಕೈ ಮೊಣಕೈವರೆಗೆ ಲೇಪದಲ್ಲಿತ್ತು. ಆದ್ದರಿಂದ ಡಬ್ಬಿಯಿಂದ ಮುತ್ತು ತೆಗೆದು ಅಜ್ಜಿಯ ಬೆರಳಲ್ಲಿ ಇಟ್ಟವರು ಅಳಿಯ. ಸಿಕ್ತಾ ಅತ್ತೆ, ಎರಡೂ ಸಿಕ್ತಾ ಎಂದು ಕೇಳಿದರು. ಅಜ್ಜಿ ಸಿಕ್ತು ಎಂದರು. ಕೈ ಬಕೆಟ್ಟಿನೊಳಗೆ ಇಳಿಯಿತು.

ಲೇಪ ರಬ್ಬರಿನಂತೆ ಗಟ್ಟಿಯಾದ ಮೇಲೆ ಅಜ್ಜಿ ಬೆರಳು ಸಡಿಲಿಸಿ ಕೈಯನ್ನು ಹೊರಗೆಳೆದುಕೊಂಡರು. ಮುತ್ತು ಲೇಪದೊಳಗೇ ಕಚ್ಚಿಕೊಂಡು ಉಳಿಯಿತು. ಅವರೆಲ್ಲ ಮನೆಗೆ ಹೋದ ಮೇಲೆ ಅಚ್ಚಿನಕ್ಕ ಆ ಪೊಳ್ಳಿಗೆ ಪ್ಲಾಸ್ಟರ್ ಎರೆದರು. ಮಾರನೆಯ ದಿನ ಎಲ್ಲರೆದುರಿಗೆ ಲೇಪ ಸುಲಿದಾಗ ಕಂಡದ್ದು ಒಂದೇ ಮುತ್ತು.

ನಡುವೆ ಒಂದು ರಾತ್ರಿ ಬಕೆಟ್ಟಿನ ಜೊತೆ ಇದ್ದವರು ಅಚ್ಚಿನಕ್ಕ ಒಬ್ಬರೇ. ಅಜ್ಜಿ ದೂರಿದ್ದೂ ಅದನ್ನೇ.

“ಒಂದು ಮಾತು ಕೇಳ್ತೀನಿ,” ಎಂದೆ. “ಲೇಪದಲ್ಲಿ ಇರುವಾಗಲೇ ಯಾರಾದ್ರೂ ಮುತ್ತನ್ನ ಕಿತ್ತುಕೊಂಡಿದ್ರೆ?”

“ಆ ಜಾಗ ಪೊಳ್ಳಾಗುತ್ತೆ. ಪ್ಲಾಸ್ಟರ್ ಅಲ್ಲೂ ತುಂಬಿಕೊಳ್ಳುತ್ತೆ. ಆಮೇಲೆ ಅಲ್ಲೊಂದು ಬಿಳಿ ಗುಂಡು ನಿಲ್ಲುತ್ತೆ.”

“ಪ್ಲಾಸ್ಟರ್ ಗಟ್ಟಿಯಾದ ಮೇಲೆ ಕಿತ್ತಿದ್ರೆ?”

“ಗುಳಿ ಬೀಳುತ್ತೆ. ಗುಂಡಗೆ, ನುಣ್ಣಗೆ. ಗಾಳಿಗುಳ್ಳೆ ಹಾಗಿರಲ್ಲ, ಅದರ ಅಂಚು ಹರಕಲು.” ಹೇಳುತ್ತಿದ್ದವರು ಯಾಕೋ ಸುಮ್ಮನಾಗಿ ಮತ್ತೆ ಉಗುರು ಕೆರೆಯತೊಡಗಿದರು.

ನಾನು ಭೂತಗನ್ನಡಿಗೆ ಮರಳಿದೆ. ಬೆರಳ ತುದಿಗಳ ಸುತ್ತ ಗುಂಡು ಇರಲಿಲ್ಲ, ಗುಳಿಯೂ ಇರಲಿಲ್ಲ. ಉಜ್ಜಿ ಅಳಿಸಿರಬಹುದಲ್ಲ ಎಂದು ಭಾವ ಕೇಳಿದರು. ಅಳಿಸಿದ್ದರೆ ಚರ್ಮದ ಗೆರೆಗಳೂ ಅಳಿಯುತ್ತಿದ್ದವು. ಅವು ಉಗುರಿನ ಬುಡದಿಂದ ಮುತ್ತಿನ ಅಂಚಿನವರೆಗೆ ಎಲ್ಲೂ ಕಡಿಯದೆ ಹರಿದಿದ್ದವು. ಕನ್ನಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

“ಅಂದ್ರೆ ಎರಡನೇ ಮುತ್ತು ಈ ಕೈಯಲ್ಲಿ ಇರಲೇ ಇಲ್ಲ.”

“ಇರಲಿಲ್ಲ.”

“ಹಾಗಾದ್ರೆ ಅಜ್ಜಿ ಸುಳ್ಳು ಹೇಳ್ತಿದೆ.”

“ಇಲ್ಲ ಭಾವ. ಅಜ್ಜಿ ಹೇಳ್ತಿರೋದು ಸತ್ಯ. ಸುಳ್ಳು ಹೇಳಿದ್ದು ಅವರ ಬೆರಳು.”

ಅವರು ನನ್ನ ಮುಖವನ್ನು, ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಳೋ ಇಲ್ಲವೋ ಎನ್ನುವಂತೆ ನೋಡಿದರು.

ನನಗೆ ನೆನಪಾದದ್ದು ನಮ್ಮ ಮನೆಯ ಊಟದ ಮೇಜು. ಮದುವೆಯಾದ ಹೊಸತು. ನನ್ನವರು ಕಾಲೇಜಿನಲ್ಲಿ ಸ್ಪರ್ಶದ ಬಗ್ಗೆಯೇ ಪಾಠ ಮಾಡುತ್ತಿದ್ದವರು. ಕಣ್ಣು ಮುಚ್ಚು, ಬೆರಳ ಮೇಲೆ ಬೆರಳು ಹಾಕು ಎಂದು ಹೇಳಿ, ತುದಿಗಳ ನಡುವೆ ಏನೋ ಉರುಳಿಸಿದರು. ಎಷ್ಟು ಎಂದರು. ಎರಡು ಎಂದೆ. ಕಣ್ಣು ಬಿಟ್ಟರೆ ಒಂದೇ ಕಾಳುಮೆಣಸು. ನಾನು ನಂಬದೆ ಮತ್ತೆ ಮತ್ತೆ ಮಾಡಿಸಿಕೊಂಡೆ. ಸಾರು ಆರಿಹೋಯಿತು.

ಅವರು ವಿವರಿಸಿದ್ದು ಇಷ್ಟು. ನೆಟ್ಟಗಿರುವಾಗ ತೋರುಬೆರಳಿನ ಈಚೆ ಬದಿ, ನಡುಬೆರಳಿನ ಆಚೆ ಬದಿ, ಎರಡನ್ನೂ ಒಂದೇ ಕಾಳು ಒಟ್ಟಿಗೆ ಮುಟ್ಟುವುದು ಸಾಧ್ಯವಿಲ್ಲ. ಹುಟ್ಟಿದಾಗಿನಿಂದ ಮಿದುಳು ಇದನ್ನು ಬಲ್ಲದು. ನಾವು ಬೆರಳು ತಿರುಚಿದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ಹೊರಬದಿಗೂ ತಾಗಿದೆಯೇ, ಹಾಗಾದರೆ ವಸ್ತು ಎರಡಿರಬೇಕು ಎಂದು ತೀರ್ಪು ಕೊಟ್ಟುಬಿಡುತ್ತದೆ.

ಇದನ್ನು ಭಾವನಿಗೆ ಆಗ ಹೇಳಲಿಲ್ಲ. ಅವರೂ ನನಗೆ ಬೇಕಾಗಿದ್ದರು, ಏನೂ ಗೊತ್ತಿಲ್ಲದವರಾಗಿ. ಅಜ್ಜಿಯನ್ನು ಕರೆಸಿ ಎಂದಷ್ಟೇ ಕೇಳಿಕೊಂಡೆ.

ಅಜ್ಜಿ ಅಳಿಯನ ತೋಳು ಹಿಡಿದು ಬಂದರು. ಅಳಿಯ ಕಾಲೇಜುಗಳ ಪ್ರಯೋಗಾಲಯಗಳಿಗೆ ಉಪಕರಣ ಮಾರುವವರು. ಇಸ್ತ್ರಿ ಕೆಡದ ಅಂಗಿ, ಮೆತ್ತನೆಯ ಮಾತು. ಅವರನ್ನು ಸ್ವಲ್ಪ ಹೊತ್ತು ಹೊರಗಿನ ಮೆಟ್ಟಿಲ ಹತ್ತಿರ ಇರಲು ಹೇಳಿ ಭಾವ ಬಾಗಿಲು ಮುಂದಕ್ಕೆ ಮಾಡಿದರು.

ಅಜ್ಜಿ ಪ್ಲಾಸ್ಟರ್ ಕೈಯನ್ನು ತಮ್ಮ ಕೈಯಿಂದ ಸವರಿದರು. ಬೆರಳು ಮುತ್ತಿನ ಮೇಲೆ ನಿಂತಿತು.

“ಇದು ತಂಗಿ. ಬಸುರಿ ಎಲ್ಲಿ?”

ಭಾವ ಗಾಬರಿಯಿಂದ ನನ್ನ ಕಡೆ ನೋಡಿದರು.

ಅಜ್ಜಿಯ ಬೊಚ್ಚು ಬಾಯಲ್ಲಿ ನಗು ಕಂಡಿತು. “ಮುತ್ತಿನ ಮಾತು ಕಣಪ್ಪ, ಹೆದರಬೇಡ. ಎರಡೂ ನಮ್ಮ ಯಜಮಾನ್ರು ತಂದಿದ್ದು. ಒಂದು ಪೂರಾ ಗುಂಡು, ಅದು ತಂಗಿ. ಇನ್ನೊಂದಕ್ಕೆ ಒಂದು ಕಡೆ ಸಾಸಿವೆ ಕಾಳಿನಷ್ಟು ಉಬ್ಬು. ಅದನ್ನ ಬಸುರಿ ಅಂತಿದ್ರು. ಇಷ್ಟು ವರ್ಷ ಆಯ್ತು, ಇನ್ನೂ ಹೆರಲಿಲ್ಲವಲ್ಲೇ ಅಂತ ಕೊನೆವರೆಗೂ ನಗ್ತಿದ್ರು.”

“ಅವತ್ತು ಇಲ್ಲಿ ಹಿಡಿದಾಗ ಆ ಉಬ್ಬು ಬೆರಳಿಗೆ ಸಿಕ್ಕಿತ್ತಾ ಅಜ್ಜಿ?”

ಅವರ ಕಾಣದ ಕಣ್ಣು ಹಲಗೆಗಳ ಕಡೆ ತಿರುಗಿತು.

“ಸಿಗಲಿಲ್ಲ,” ಎಂದರು. “ಆಚೆ ಬದಿಗೆ ತಿರುಗಿರಬೇಕು ಅಂದ್ಕೊಂಡೆ. ಅಷ್ಟರಲ್ಲಿ ಕೈ ಮುಳುಗಿಸಿಬಿಟ್ರು.”

ಮುತ್ತಿನ ಡಬ್ಬಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. ಕಣ್ಣು ಹೋದ ಮೇಲೆ ಅಳಿಯನ ಬೀರುವಿನಲ್ಲೇ ಇರುತ್ತದಂತೆ. ಅಚ್ಚಿನ ದಿನಕ್ಕಿಂತ ಹಿಂದೆ ಮುಟ್ಟಿ ನೋಡಿದ್ದು ಯಾವಾಗ ಎಂಬುದು ಅವರಿಗೆ ನೆನಪಿರಲಿಲ್ಲ. ಬೆರಳ ಮೇಲೆ ಬೆರಳು ಹಾಕಲು ಹೇಳಿದ್ದು ಯಾರು ಎಂದು ಕೇಳಿದೆ.

“ಅಳಿಯಂದಿರೇ. ಹಾಗೆ ಹಿಡಿದ್ರೆ ಅಂದ ಅಂದ್ರು. ಈ ವಯಸ್ಸಲ್ಲಿ ನನಗೆ ಅಂದ ಯಾತಕ್ಕೆ ಅಂತ ನಾನೂ ಅಂದೆ.”

ಅಚ್ಚಿನಕ್ಕನಿಂದ ಗಾಜಿನ ಮಣಿಗಳ ಡಬ್ಬ ತರಿಸಿಕೊಂಡೆ. ಮುತ್ತಿನ ಗಾತ್ರದವನ್ನು ಆರಿಸಿ ಮುಷ್ಟಿಯಲ್ಲಿ ಇಟ್ಟುಕೊಂಡೆ. ಅಜ್ಜಿಗೆ ಬೆರಳ ಮೇಲೆ ಬೆರಳು ಹಾಕಿಸಿ, ತುದಿಗಳ ನಡುವೆ ಒಂದೇ ಒಂದು ಮಣಿ ಉರುಳಿಸಿದೆ. ಎಷ್ಟು ಎಂದೆ. ಎರಡು ಎಂದರು, ಯೋಚನೆಯನ್ನೇ ಮಾಡದೆ. ಮಣಿಯನ್ನು ಮುಷ್ಟಿಗೆ ಸೇರಿಸಿ ಭಾವನ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿದರು. ಅವರಿಗೂ ಒಂದೇ. ಅವರೂ ಎರಡು ಎಂದರು. ಸರಿಯೋ ತಪ್ಪೋ ನಾನು ಹೇಳಲಿಲ್ಲ. ಇದೇನು ಮಕ್ಕಳಾಟ ಎಂದು ಗೊಣಗುತ್ತಾ ಅವರು ಹೋಗಿ ಬಾಗಿಲು ತೆಗೆದರು.

ಅಳಿಯ ಒಳಗೆ ಬಂದು ಮೊದಲು ಅತ್ತೆಯ ಕುರ್ಚಿಯ ಹಿಂದೆ ನಿಂತರು. ಬಡಪಾಯಿ ಹೆಂಗಸು, ಏನೋ ಕಷ್ಟವಿದ್ದು ತೆಗೆದಿರಬೇಕು, ಮುತ್ತು ಸಿಕ್ಕರೆ ದೂರು ವಾಪಸು ಪಡೆಯೋಣ ಎಂದು ಅಚ್ಚಿನಕ್ಕನ ಪರವಾಗಿಯೇ ಎರಡು ಮಾತಾಡಿದರು. ಅಚ್ಚಿನಕ್ಕ ತಲೆ ಎತ್ತಲಿಲ್ಲ.

ಸಣ್ಣದೊಂದು ಪರೀಕ್ಷೆ, ಎಲ್ಲರಿಗೂ ಮಾಡಿದ್ದೇವೆ, ನಿಮಗೂ ಒಂದು ಸಲ ಎಂದು ಹೇಳಿ ಕುರ್ಚಿ ತೋರಿಸಿದೆ. ಅವರು ಕುಳಿತು ಕೈ ಚಾಚಿದರು. ಕಣ್ಣಿಗೆ ಟವೆಲ್ ಕಟ್ಟಿದೆ. ಬೆರಳ ಮೇಲೆ ಬೆರಳು ಹಾಕಿ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರ ನಡುಬೆರಳು ತೋರುಬೆರಳಿನ ಮೇಲೆ ಹತ್ತಿಯಾಗಿತ್ತು.

ಭಾವ ಅದನ್ನು ಗಮನಿಸಿದರು. ನಾನೂ ಗಮನಿಸಿದೆ.

ಮಣಿ ಇಟ್ಟೆ. ಮೆಲ್ಲಗೆ ಉರುಳಿಸಿದೆ.

“ಎಷ್ಟು ಅನ್ನಿಸುತ್ತೆ?”

ಅವರು ನಕ್ಕರು. ಮೇಷ್ಟ್ರು ಗೊತ್ತಿರುವ ಪ್ರಶ್ನೆಯನ್ನೇ ಕೇಳಿದಾಗ ಹುಡುಗರು ನಗುವ ಹಾಗೆ.

“ಮೇಡಂ, ಎರಡು ಇದ್ದ ಹಾಗೆ ಅನ್ನಿಸುತ್ತೆ. ಆದ್ರೆ ಇರೋದು ಒಂದೇ. ಬೆರಳು ತಿರುಚಿದ್ರೆ ಹಾಗೆ ಅನ್ನಿಸುತ್ತೆ ಅಷ್ಟೇ.”

“ಖಂಡಿತಾ?”

“ಖಂಡಿತಾ.”

ನಾನೇ ಟವೆಲ್ ಬಿಚ್ಚಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಅಲ್ಲಿ ಎರಡು ಮಣಿಗಳಿದ್ದವು.

ಒಂದು ಮಣಿ ಜಾರಿ ಮೇಜಿನ ಮೇಲೆ ಉರುಳಿ ಅಜ್ಜಿಯ ಕೈಗೆ ತಾಗಿ ನಿಂತಿತು.

“ಅಜ್ಜಿಗೆ ಒಂದು ಕೊಟ್ಟೆ, ಎರಡು ಅಂದ್ರು,” ಎಂದೆ. “ಇವರಿಗೂ ಒಂದು ಕೊಟ್ಟೆ, ಎರಡು ಅಂದ್ರು. ಗೊತ್ತಿಲ್ಲದೆ ಇರೋರು ಬೆರಳು ಹೇಳಿದ್ದನ್ನೇ ಹೇಳ್ತಾರೆ. ನಿಮಗೆ ಎರಡು ಕೊಟ್ಟೆ. ನೀವು ಬೆರಳಿನ ಮಾತು ಕೇಳಲೇ ಇಲ್ಲ.”

ಇದು ಒಂದು ಸಾಮಾನ್ಯ ಜ್ಞಾನದ ವಿಷಯ, ಎಲ್ಲೋ ಓದಿದ್ದೆ ಎಂದು ಅವರು ಶುರುಮಾಡಿದರು. ಭಾವ ಅವರನ್ನು ಅರ್ಧಕ್ಕೆ ತಡೆದರು. ಓದಿದ್ದರೆ ಸಂತೋಷ. ಹಾಗಾದರೆ, ಬೆರಳು ತಿರುಚಿದ ಕಣ್ಣಿಲ್ಲದ ಮುದುಕಿ ಎರಡು ಎಂದದ್ದೇ ಸಾಕ್ಷಿ ಎಂದು ದೂರಿನಲ್ಲಿ ಒತ್ತಿ ಒತ್ತಿ ಹೇಳಿದವರು ತಾವೇ ಅಲ್ಲವೇ, ಆಗ ಈ ಜ್ಞಾನ ಎಲ್ಲಿ ಹೋಗಿತ್ತು ಎಂದು ಕೇಳಿದರು.

ಅಳಿಯ ಉಳಿದ ಮಣಿಯನ್ನು ಮೇಜಿನ ಮೇಲಿಟ್ಟರು.

“ಸಾರ್, ನಿಮ್ಮ ಬೆರಳಿಗಿಂತ ನಿಮ್ಮ ತಲೆ ಮುಂದೆ ಓಡಿಬಿಡ್ತು,” ಎಂದರು ಭಾವ. “ಏಳಿ. ಮಿಕ್ಕಿದ್ದು ಸ್ಟೇಷನ್ನಲ್ಲಿ ಮಾತಾಡೋಣ.”

ಅಜ್ಜಿ ಮಾತ್ರ ಅಳಿಯನ ಕಡೆ ಮುಖ ತಿರುಗಿಸಲಿಲ್ಲ. ಬಸುರಿ ಎಲ್ಲಿ ಎಂದು ಮೊದಲು ಕೇಳಿದ್ದರಲ್ಲ, ಅದನ್ನೂ ಮತ್ತೆ ಕೇಳಲಿಲ್ಲ. ಮೇಜು ಹಿಡಿದು ಎದ್ದು, ತಡವುತ್ತಾ ಮೂಲೆಗೆ ಹೋದರು. ಅಚ್ಚಿನಕ್ಕ ಓಡಿಬಂದು ಅವರ ಕೈ ಹಿಡಿದರು.

“ನೀನೇನಾ?”

“ನಾನೇ ಅಜ್ಜಿ.”

“ನಿನ್ನೆ ಈ ಕೈ ಹಿಡಿದುಕೊಂಡು ಬಾಯಿಗೆ ಬಂದ ಹಾಗೆ ಬೈದೆ. ಇವತ್ತು ಇದೇ ಕೈ ಹಿಡಿದುಕೊಂಡು ಕೇಳ್ತೀನಿ ತಾಯಿ. ಮನಸ್ಸಿಗೆ ಹಾಕ್ಕೋಬೇಡ.”

ಅಚ್ಚಿನಕ್ಕ ಆ ಮುದಿಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಅಜ್ಜಿಯ ಬೆರಳಿಗೆಲ್ಲ ಬಿಳಿ ಪುಡಿ ಹತ್ತಿತು. ನಾನು ಕಿಟಕಿಯ ಕಡೆ ನೋಡಿದೆ. ವರ್ಷದ ಮೇಲೆ ಮೊದಲ ಸಲ ಎದೆಯೊಳಗೆ ಏನೋ ಸ್ವಲ್ಪ ಸಡಿಲವಾದ ಹಾಗಿತ್ತು. ಆ ಗಂಟು ಹೊತ್ತು ತಂದವರಿಗೆ ನಾನೂ ಏನಾದರೂ ಕೊಟ್ಟೆ ಎನ್ನಿಸಿತು.

ಭಾವ ಬಾಗಿಲ ಬಳಿ ಅಳಿಯನನ್ನು ನಿಲ್ಲಿಸಿ, ಹೋಗುವ ಮುಂಚೆ ಒಂದು ಕುತೂಹಲ ಎಂದರು. ಓದಿದ್ದು ಎಂದಿರಲ್ಲ, ಯಾವ ಪುಸ್ತಕ?

ಅವರು ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡರೋ, ಹೋಗುವ ಮುಂಚೆ ನನಗೊಂದು ಏಟು ಕೊಡಬೇಕೆಂದುಕೊಂಡರೋ, ತಿರುಗಿ ನನ್ನನ್ನೇ ನೋಡಿದರು.

“ಪುಸ್ತಕ ಅಲ್ಲ. ಇವರ ಯಜಮಾನ್ರೇ ತೋರಿಸಿಕೊಟ್ಟಿದ್ದು.”

ಕಾಲೇಜಿಗೆ ಉಪಕರಣ ಮಾರುವವರು. ಪ್ರಯೋಗಾಲಯದಲ್ಲಿ ಭೇಟಿಯಾಗಿರುವುದು ಸಹಜ. ನಾನು ಹಾಗೆಂದುಕೊಳ್ಳುವಷ್ಟರಲ್ಲಿ ಅವರು ಮಾತು ಮುಗಿಸಿದರು.

“ಈ ಮೇಜಿನ ಮೇಲೇ. ಬೇಕಾದ್ರೆ ಅಚ್ಚಿನಕ್ಕನ್ನ ಕೇಳಿ.”

ಭಾವ ಅವರ ಭುಜದ ಮೇಲೆ ಕೈಯಿಟ್ಟು ಹೊರಗೆ ನಡೆಸಿದರು. ಅಜ್ಜಿಯನ್ನು ಮನೆಗೆ, ಮಗಳ ಹತ್ತಿರಕ್ಕೆ ತಲುಪಿಸುವ ಏರ್ಪಾಡಾಯಿತು. ಜೀಪಿನ ಸದ್ದು ಬೀದಿಯ ಕೊನೆಯಲ್ಲಿ ಕರಗಿತು.

ಅಚ್ಚಿನಕ್ಕ ತೊಟ್ಟಿಯ ಹತ್ತಿರ ಬೋಗುಣಿ ತೊಳೆಯುತ್ತಿದ್ದರು. ಆ ಬೋಗುಣಿ ಆಗಲೇ ಸ್ವಚ್ಛವಾಗಿತ್ತು. ನನ್ನವರನ್ನು ಮೊದಲು ನೋಡಿದ್ದೇ ಆಸ್ಪತ್ರೆಯಲ್ಲಿ ಎಂದು ಅವರು ಎಷ್ಟೋ ಸಲ ಹೇಳಿದ್ದರು. ಇವತ್ತು ಮತ್ತೆ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಕೈ ಒರೆಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದರು.

“ನೀವು ಬರದೆ ಇದ್ದಿದ್ರೆ…” ಎಂದರು. ಕಣ್ಣು ತುಂಬಿತ್ತು. ಅದು ನಟನೆಯಲ್ಲ ಎಂದು ನಾನು ಇವತ್ತಿಗೂ ಹೇಳಬಲ್ಲೆ.

ಅಂಥ ಮುಖಕ್ಕೆ ಪ್ರಶ್ನೆ ಹಾಕುವುದು ನನಗೆ ಬರಲಿಲ್ಲ. ಬರ್ತೀನಿ ಅಕ್ಕ ಎಂದು ಹೊರಟೆ. ಗೇಟು ದಾಟಿದ ಮೇಲೆ ಗೊತ್ತಾಯಿತು, ಒಂದು ಮಣಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.

ಮನೆಗೆ ಬಂದು ಬಾಗಿಲು ಹಾಕಿದೆ. ಕೀಲಿಕೈಯನ್ನು ಎಂದಿನಂತೆ ಆ ಹೆಬ್ಬೆರಳಿಗೆ ತಗುಲಿಹಾಕಲು ಹೋದವಳು ನಿಂತೆ.

ತೋರುಬೆರಳಿನ ಮೇಲೆ ನಡುಬೆರಳು. ಎರಡರ ತುದಿಗಳ ನಡುವೆ ಒಂದು ಗುಳಿ. ಎಷ್ಟೋ ಸಂಜೆ ಸುಮ್ಮನೆ ಅದರ ಬಾಯಿಗೆ ಬೆರಳ ತುದಿ ಇಟ್ಟು ಕುಳಿತಿದ್ದೇನೆ. ನನ್ನ ಬೆರಳಿಗೆ ಅದು ಎಂದೂ ಹರಕಲೆನಿಸಿರಲಿಲ್ಲ. ಗುಂಡಗೆ, ನುಣ್ಣಗೆ ಇತ್ತು.

ಗಾಳಿಗುಳ್ಳೆ ಹಾಗಿರಲ್ಲ ಎಂದು ಬೆಳಿಗ್ಗೆ ಹೇಳಿದವರು ಯಾರು?

ಚೀಲದಿಂದ ಭೂತಗನ್ನಡಿ ತೆಗೆದೆ. ಕೈಯನ್ನು ಕಿಟಕಿಯ ಹತ್ತಿರ ಇಟ್ಟು, ಬೆಳಗಿನ ಹಾಗೆಯೇ ಟಾರ್ಚನ್ನು ಓರೆಯಾಗಿ ಹಿಡಿದೆ. ಗುಳಿಯ ಅಂಚಿನಲ್ಲಿ ಎರಡೂ ಬೆರಳ ತುದಿಯ ಚರ್ಮ ಒಂದಿಷ್ಟು ತಗ್ಗಿತ್ತು. ಏನನ್ನೋ ಜಾರದ ಹಾಗೆ ಒತ್ತಿ ಹಿಡಿದಾಗ ಆಗುವಂಥ ತಗ್ಗು. ಅಜ್ಜಿಯ ಅಚ್ಚಿನಲ್ಲಿ ಮುತ್ತಿನ ಎರಡೂ ಬದಿಗೆ ನೋಡಿದ್ದೂ ಅದನ್ನೇ.

ಹೋದವರ ಬೆರಳು ಏನನ್ನೂ ಒತ್ತಿ ಹಿಡಿಯುವುದಿಲ್ಲ. ಈ ಅಚ್ಚು ತೆಗೆದಾಗ ನನ್ನವರು ಬದುಕಿದ್ದರು.

ಮುಷ್ಟಿಯ ಮಣಿಯನ್ನು ಗುಳಿಯೊಳಗೆ ಇಳಿಸಿದೆ. ಗಾತ್ರ ಅಳೆದಿಟ್ಟಂತೆ ಸರಿಹೋಯಿತು. ಇಷ್ಟೇನಾ, ರೂಢಿಯ ಗಾಜಿನ ಮಣಿಯೇನಾ ಎಂದು ಉಸಿರು ಬಿಟ್ಟೆ. ಮಣಿಯನ್ನು ಹೊರತೆಗೆದು ಗುಳಿಯ ತಳಕ್ಕೆ ಬೆಳಕು ಬಿಟ್ಟೆ.

ಗುಂಡನೆಯ ಗುಳಿಯ ತಳದಲ್ಲಿ, ಒಂದು ಬದಿಗೆ, ಇನ್ನೊಂದು ಪುಟ್ಟ ಗುಳಿ ಇತ್ತು. ಸಾಸಿವೆ ಕಾಳಿನಷ್ಟು.

ಬೆರಳ ತುದಿ ಅಲ್ಲಿಯವರೆಗೆ ಇಳಿಯದು. ಅದಕ್ಕೇ ವರ್ಷವಿಡೀ ಮುಟ್ಟಿಯೂ ನನಗೆ ತಿಳಿದಿರಲಿಲ್ಲ.

ಫೋನು ತೆಗೆದು ಭಾವನ ನಂಬರ್ ಒತ್ತಿದೆ. ಅಲ್ಲಿ ಒಂದು ರಿಂಗ್ ಆಗುವಷ್ಟರಲ್ಲಿ ನಿಲ್ಲಿಸಿಬಿಟ್ಟೆ. ನನ್ನನ್ನು ಬದುಕಿಸಿದ ಕೈ ಇದು. ತಂದುಕೊಟ್ಟವರ ಮೇಲಿನ ಆಪಾದನೆಯನ್ನು ಮಧ್ಯಾಹ್ನವಷ್ಟೇ ನಾನೇ ಕಳೆದು ಬಂದಿದ್ದೆ. ಅಚ್ಚಿನಕ್ಕ ಅಜ್ಜಿಯ ಅಚ್ಚಿನಿಂದ ಮುತ್ತು ಕದಿಯಲಿಲ್ಲ. ಅದು ನಿಜ. ಕದಿಯಲು ಅಲ್ಲಿ ಮುತ್ತೇ ಇರಲಿಲ್ಲ. ವರ್ಷದ ಹಿಂದೆಯೇ ಆ ಬಸುರಿ ಮುತ್ತು ಈ ಬೆರಳುಗಳ ನಡುವೆ ಇತ್ತು, ಯಾರೋ ಇಲ್ಲಿಂದ ಕಿತ್ತು ತೆಗೆದಿದ್ದರು. ಅದಾದ ಮೇಲೆ ನನ್ನವರು ಮೆಟ್ಟಿಲಿನಿಂದ ಬಿದ್ದರು.

ಫೋನು ಕೈಯಲ್ಲೇ ಅದುರಿತು. ಭಾವ.

“ಏನಮ್ಮಾ, ಮಾಡಿ ಕಟ್ ಮಾಡಿದೆ? ಎಲ್ಲಾ ಸರಿಯಾಗಿದೆ ತಾನೇ?”

ಕೀಲಿಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಪ್ಲಾಸ್ಟರ್ ಕೈ ಅದಕ್ಕಾಗಿ ಕಾಯುತ್ತಿರುವ ಹಾಗೆ ಹೆಬ್ಬೆರಳು ಚಾಚಿ ನಿಂತಿತ್ತು.

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು.

“ನಾನಮ್ಮಾ, ಅಚ್ಚಿನಕ್ಕ. ಅವತ್ತು ಕೊಟ್ಟ ಕೈ ಇದೆಯಲ್ಲ, ಅದನ್ನ ಒಂದು ಸಲ ವಾಪಸು ಕೊಡ್ತೀರಾ?”